ಬೆಂಕಿ ನುಂಗುವ ಇಂಜಿನ್ನಿನ ಮಳೆಗಾಲ

ಹೋದ ವಾರ ನೆಲೋಗಿಯ ನಮ್ಮ ಶಾಲೆಗೆ ಮಕ್ಕಳಿಗೆ ಚುಚ್ಚುಮದ್ದು ಹಾಕಲು ನರ್ಸಮ್ಮ ಬಂದಿದ್ದರು. ನಾನು ಹಾಜರಿ ಪುಸ್ತಕ ಹಿಡಿದು ಒಬ್ಬೊಬ್ಬರ ಹೆಸರು ಕೂಗುತ್ತಿದ್ದೆ. ಅವರು ಹತ್ತಿಯ ಮೇಲೆ ಸ್ಪಿರಿಟ್ ಸುರಿದದ್ದೇ ತಡ, ಆ ವಾಸನೆ ಮೂಗಿಗೆ ಬಡಿದು, ಒಂದೇ ಹುಡುಗಿಯ ಹೆಸರನ್ನು ಮೂರು ಸಲ ಕೂಗಿಬಿಟ್ಟೆ. "ಟೀಚರ್, ಆಕಿಗಿ ಒಮ್ಮೆ ಚುಚ್ಚಿದ್ರ ಸಾಕಲ್ರಿ" ಎಂದು ಹಿಂದಿನಿಂದ ಯಾರೋ ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಉಳಿದವರಿಗೆ ಸ್ಪಿರಿಟ್ ಎಂದರೆ ಆಸ್ಪತ್ರೆ. ನನಗೆ ಅದು ಅಫಜಲಪುರದ ನಮ್ಮ ಲೇತ್ ಅಂಗಡಿ, ಅಲ್ಲಿ ಕಳೆದ ಒಂದು ಮಳೆಗಾಲ.

ಆಗ ನಾನು ಸೊನ್ನದ ಶಾಲೆಯಲ್ಲಿದ್ದೆ. ಮನೆ ಅಫಜಲಪುರದಲ್ಲಿ. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆ ವಾಪಸ್ಸು. ಮನೆಯ ಮುಂಭಾಗದಲ್ಲೇ ನನ್ನ ಗಂಡ ಇಸ್ಮಾಯಿಲರ ಅಂಗಡಿ. ಅಂಗಡಿ ಎಂದರೆ ಒಂದು ಲೇತ್, ಒಂದು ಡ್ರಿಲ್ಲಿಂಗ್ ಮಷೀನು, ಒಂದು ಕೆಲಸದ ಮೇಜು, ಅಷ್ಟೇ. ಲೇತ್ ನನ್ನ ಮಾವನವರ ಕಾಲದ್ದು. ಸುತ್ತಿನ ಹಳ್ಳಿಗಳಿಂದ ಪಂಪ್‌ಸೆಟ್ಟಿನ ಶಾಫ್ಟು, ಟ್ರ್ಯಾಕ್ಟರಿನ ಪಿನ್ನು, ಕಬ್ಬಿನ ಗಾಣದ ಬುಷ್ಷು ಹೊತ್ತು ಜನ ಬರುತ್ತಿದ್ದರು. "ಇಸ್ಮಾಯಿಲ್ ಮಿಸ್ತ್ರಿ ಮುಟ್ಟಿದ್ರ ಸಾಕು" ಎನ್ನುತ್ತಿದ್ದರು. ಅದು ಉತ್ಪ್ರೇಕ್ಷೆಯೇನಲ್ಲ. ಅಳತೆಯ ಉಪಕರಣ ಕೈಗೆತ್ತಿಕೊಳ್ಳುವ ಮೊದಲೇ ಶಾಫ್ಟಿನ ಮೇಲೆ ಬಲಗೈಯ ಬೆರಳು ಆಡಿಸಿ, "ಒಂದ್ ಕೂದಲ ಹೆಚ್ಚಾಗ್ಯಾದ" ಎನ್ನುತ್ತಿದ್ದರು. ಅಳೆದು ನೋಡಿದರೆ ಅಷ್ಟೇ ಹೆಚ್ಚಾಗಿರುತ್ತಿತ್ತು. ನಮ್ಮ ಮನೆಯ ಮಾತು ಅರ್ಧ ಉರ್ದು, ಅರ್ಧ ಕನ್ನಡ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಆ ವರ್ಷ ಬೇಸಿಗೆಯಲ್ಲಿ ಅವರಿಗೆ ಲಕ್ವಾ ಹೊಡೆಯಿತು. ಬೆಳಿಗ್ಗೆ ಚಹಾದ ಕಪ್ಪು ಹಿಡಿದವರು ಹಿಡಿದಂತೆಯೇ ವಾಲಿದರು. ಕಲಬುರಗಿಯ ಆಸ್ಪತ್ರೆಯಲ್ಲಿ ಮೂರು ವಾರ ಇದ್ದೆವು. ಬಾಯಿ ನೆಟ್ಟಗಾಗಿ ಮಾತು ಹೊರಟಾಗ, ಮೊದಲು ಹೇಳಿದ್ದು "ಲೇತಿಗಿ ಎಣ್ಣಿ" ಎಂದು. ಹಗಲೂ ರಾತ್ರಿ ಪಕ್ಕದಲ್ಲಿ ಕೂತವಳು ನಾನು, ನೆನಪಾದದ್ದು ಲೇತು! ನನ್ನ ಹೆಸರು ಮೂರನೆಯ ದಿನಕ್ಕೆ ಬಂತು. ಅದನ್ನೀಗ ನಗುತ್ತ ಬರೆಯುತ್ತಿದ್ದೇನೆ. ಆಗ ನಗುವೂ ಬರಲಿಲ್ಲ, ಅಳುವೂ ಬರಲಿಲ್ಲ. ಬಂಧುಗಳು ಬಂದು, "ಜುಲೇಖಾ ಭಾಳ ಧೈರ್ಯದಾಕಿ" ಎಂದು ಹೊಗಳಿ ಹೋದರು. ಧೈರ್ಯವೂ ಇಲ್ಲ, ಮಣ್ಣೂ ಇಲ್ಲ. ಒಳಗೆ ಯಾರೋ ಕರೆಂಟು ತೆಗೆದ ಹಾಗಿತ್ತು. ಡಬ್ಬಿ ಕಟ್ಟುವುದು, ಬಸ್ಸು ಹತ್ತುವುದು, ಪಾಠ ಮಾಡುವುದು, ಮಾತ್ರೆ ಎಣಿಸಿ ಕೊಡುವುದು ಎಲ್ಲ ನಡೆಯುತ್ತಿತ್ತು, ಯಾವುದೂ ನನಗೆ ತಟ್ಟುತ್ತಿರಲಿಲ್ಲ.

ಎಣ್ಣೆಯ ಮಾತು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಅಂಗಡಿಯಲ್ಲಿ ಮಾವನವರು ಹಾಕಿಕೊಟ್ಟ ಪದ್ಧತಿಯೊಂದಿತ್ತು. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಬಿಸ್ಮಿಲ್ಲಾ ಎಂದು ಲೇತಿಗೆ ಎಣ್ಣೆ ಬಿಡಬೇಕು. ರಿಪೇರಿಯಾದ ಯಾವ ಇಂಜಿನ್ನೇ ಇರಲಿ, ಎರಡು ಹನಿ ಎಣ್ಣೆ ಹಾಕಿ, ಚಕ್ರ ಒಂದು ಸುತ್ತು ತಿರುಗಿಸಿಯೇ ಚಾಲೂ ಮಾಡಬೇಕು. ಒಣ ಕಬ್ಬಿಣವನ್ನು ಓಡಿಸುವುದೆಂದರೆ ಹಸಿದವನನ್ನು ದುಡಿಸಿದಂತೆ ಎಂದು ಮಾವನವರು ಬೈಯುತ್ತಿದ್ದರಂತೆ. ಆಸ್ಪತ್ರೆಯಿಂದ ಬಂದ ಮೇಲೆ ಇವರ ಕಾಲು ಬೆಳಿಗ್ಗೆ ಮರಗಟ್ಟಿರುತ್ತಿತ್ತು. ಒಂಬತ್ತಕ್ಕೆ ಮೊದಲು ಏಳಲಾಗುತ್ತಿರಲಿಲ್ಲ. ಹಾಗಾಗಿ ಎಣ್ಣೆ ಹಾಕುವ ಕೆಲಸ ನನಗೆ ಬಂತು. ಬಸ್ಸಿಗೆ ಹೊರಡುವ ಮುನ್ನ ಉದ್ದ ಮೂತಿಯ ಎಣ್ಣೆ ಡಬ್ಬಿ ಹಿಡಿದು ಅಂಗಡಿಗೆ ಹೋಗುತ್ತಿದ್ದೆ. ಆ ವರ್ಷ ನಾನು ಮನಸ್ಸಿಟ್ಟು ಮಾಡಿದ ಒಂದೇ ಕೆಲಸ ಅದು.

ಕಾಲು ಎದ್ದಿತು. ಕೈಯೂ ಎದ್ದಿತು, ಹಿಡಿಯತೊಡಗಿತು. ಆದರೆ ಬಲಗೈಯ ಬೆರಳುಗಳಿಗೆ ಸ್ಪರ್ಶವೇ ಇರಲಿಲ್ಲ. ಸೂಜಿ ಚುಚ್ಚಿದರೂ ಅವರಿಗೆ ತಿಳಿಯುತ್ತಿರಲಿಲ್ಲ. ದಿನಾ ತಟ್ಟೆಯಲ್ಲಿ ತೊಗರಿ ಕಾಳು ಹರವಿ ಒಂದೊಂದೇ ಆರಿಸಬೇಕೆಂದು ಡಾಕ್ಟರು ಹೇಳಿದ್ದರು. "ನಾ ಏನ್ ಕೋಳಿ ಇದ್ದೇನೇನು?" ಎಂದು ಇವರು ತಟ್ಟೆಯನ್ನೇ ದೂಡಿದರು. ಒಂದು ತಿಂಗಳು ಬಿಟ್ಟು ಒಂದು ಸಂಜೆ ತಾವಾಗಿಯೇ, "ಜುಲೇಖಾ, ಕೈ ತಿಳಿಯಾಕತ್ತದ" ಎಂದರು. ಪರೀಕ್ಷೆ ಮಾಡೋಣವೆಂದು ಕಣ್ಣು ಮುಚ್ಚಿಸಿ, ಬಿಸಿ ಚಹಾದ ಲೋಟವನ್ನು ಬೆರಳಿಗೆ ತಾಗಿಸಿದೆ. "ಸುಡ್ತದ, ಸರಸು" ಎಂದರು. ನಾನು ಓಣಿಗೆಲ್ಲ ಹೇಳಿಬಂದೆ.

ಆದರೂ ಲೇತಿನ ಮುಂದೆ ಮಾತ್ರ ನಿಲ್ಲಲಿಲ್ಲ. ಹಳ್ಳಿಯವರು ಶಾಫ್ಟು ತಂದರೆ, "ಇನ್ನೊಂದೆರಡು ತಿಂಗಳ ಹೋಗ್ಲಿ" ಎಂದು ವಾಪಸ್ಸು ಕಳಿಸುತ್ತಿದ್ದರು. ಆ ಹೊತ್ತಿಗೆ ಆಳಂದದಿಂದ ಶರಣಪ್ಪ ನೋಡಲು ಬಂದರು. ಇವರೂ ಅವರೂ ಹರೆಯದಲ್ಲಿ ಒಂದೇ ವರ್ಕ್‌ಶಾಪಿನಲ್ಲಿ ಕೆಲಸ ಕಲಿತವರು. ಆಳಂದದಲ್ಲಿ ಅವರದ್ದೂ ಅಂಗಡಿಯಿದೆ, ಅವರ ಲೇತ್ ಸವೆದು ಹೋಗಿತ್ತು. ಬಹಳ ಹೊತ್ತು ಅದೂ ಇದೂ ಮಾತಾಡಿ ಕೊನೆಗೆ ತಲೆ ತಗ್ಗಿಸಿ ಕೇಳಿದರು.

"ಇಸ್ಮಾಯಿಲಣ್ಣಾ, ತಪ್ಪ ತಿಳೀಬ್ಯಾಡ. ಮಷೀನ್ ನಿಂತ್ರ ಕೆಡ್ತದ. ನಿನಗ ಆಗೂದಿಲ್ಲ ಅಂದ್ರ ನನಗ ಕೊಡು. ಆಗ್ತದ ಅಂದ್ರ ನಾ ಕೇಳೇ ಇಲ್ಲ ಅನ್ಕೋ."

ಇವರು ಜೇಬಿನಿಂದ ಫೋನು ತೆಗೆದು ಒಂದು ವಿಡಿಯೋ ತೋರಿಸಿದರು. ಯಾವುದೋ ದೇಶದ ಮುದುಕನೊಬ್ಬ ಅಂಗೈಯಗಲದ ಇಂಜಿನ್ ಮಾಡಿದ್ದ. ಅದಕ್ಕೆ ಡೀಸೆಲ್ ಇಲ್ಲ, ಉಗಿ ಇಲ್ಲ. ಪಕ್ಕದಲ್ಲೊಂದು ಪುಟ್ಟ ಸ್ಪಿರಿಟ್ ದೀಪ. ದೀಪದ ಉರಿ ಬಾಗಿ ಬಾಗಿ ಸಿಲಿಂಡರಿನ ತೂತಿನೊಳಗೆ ನುಗ್ಗುತ್ತಿತ್ತು, ಚಕ್ರ ತಿರುಗುತ್ತಿತ್ತು.

"ಇದು ಬೆಂಕಿ ನುಂಗೂ ಇಂಜಿನ್. ಇದರಷ್ಟು ನಾಜೂಕ ಕೆಲಸ ಇನ್ನೊಂದಿಲ್ಲ. ಈ ಕೈಲೆ ಮಾಡ್ತೇನಿ. ಓಡ್ತಂದ್ರ ಲೇತ್ ಇಲ್ಲೇ ಇರ್ತದ. ಓಡ್ಲಿಲ್ಲಂದ್ರ ನೀ ಟೆಂಪೋ ತಗೊಂಡ್ ಬಾ" ಎಂದರು.

"ಎಲ್ಲಿತನಾ?"

"ಸೊನ್ನದಾಗ ಭೀಮಾ ಬ್ಯಾರೇಜಿನ ಗೇಟ್ ಹಾಕೂತನಾ. ಮಳಿ ಮುಗಿದ ಮ್ಯಾಲೆ ನನಗೂ ನೆವ ಇರೂದಿಲ್ಲ."

ನನ್ನನ್ನು ಒಂದು ಮಾತು ಕೇಳಲಿಲ್ಲ. ಕೇಳಿದ್ದರೂ ಏನು ಹೇಳುತ್ತಿದ್ದೆನೋ! ಲೇತ್ ಹೋದರೆ ಈ ಮನುಷ್ಯ ಬರೀ ಮಾತ್ರೆ ನುಂಗಿ ಗೋಡೆ ನೋಡುತ್ತ ಕೂರುತ್ತಾನೆ ಎಂಬುದು ನನಗೂ ಗೊತ್ತಿತ್ತು. ಗೊತ್ತಿತ್ತು ಅಷ್ಟೇ, ಭಯ ಅಂತ ಆಗಲಿಲ್ಲ.

ಮಳೆ ಆ ವರ್ಷ ಹಿಡಿದ ಪಟ್ಟು ಬಿಡಲಿಲ್ಲ. ಕರಿಮಣ್ಣು ಚಪ್ಪಲಿಗೆ ಮೆತ್ತಿಕೊಂಡು ಒಂದೊಂದು ಕಾಲು ಒಂದೊಂದು ಮಣ. ಭೀಮೆ ಮೇಲಿನಿಂದ ಕೆಂಪಗೆ ಉಬ್ಬಿ ಬರುತ್ತಿತ್ತು. ಬ್ಯಾರೇಜಿನ ಗೇಟುಗಳೆಲ್ಲ ತೆರೆದಿದ್ದವು. ನೀರಿನ ಸದ್ದು ಶಾಲೆಯತನಕ ಕೇಳಿ, ನಾನು ಮಗ್ಗಿ ಹೇಳಿಸುವಾಗ ಗಂಟಲು ಹರಿದುಕೊಳ್ಳಬೇಕಾಗುತ್ತಿತ್ತು. ಸಂಜೆ ಮನೆಗೆ ಬಂದರೆ ಇವರು ಎಡಗೈಯಿಂದ ಲೇತಿನ ಹಿಡಿಕೆ ತಿರುಗಿಸುತ್ತ, ಬಲಗೈಯನ್ನು ಸುಮ್ಮನೆ ಆಸರೆಗೆ ಇಟ್ಟುಕೊಂಡು ನಿಂತಿರುತ್ತಿದ್ದರು. ಹಳೆಯ ಪಂಪ್‌ಸೆಟ್ಟಿನ ಬೀಡು ಕಬ್ಬಿಣದ ತುಂಡಿನಿಂದ ಸಿಲಿಂಡರ್ ಕಡೆದರು, ಅದರಿಂದಲೇ ಪಿಸ್ಟನ್. ಹೆಬ್ಬೆರಳಿಗಿಂತ ತುಸು ದಪ್ಪ, ಅಷ್ಟೇ. ಮುರಿದ ಪುಲ್ಲಿಯೊಂದು ಚಕ್ರವಾಯಿತು. ಕೆಮ್ಮಿನ ಔಷಧಿಯ ಬಾಟಲಿಯ ಮುಚ್ಚಳಕ್ಕೆ ತೂತು ಕೊರೆದು ಹತ್ತಿಯ ಬತ್ತಿ ಇಟ್ಟರೆ ದೀಪ ತಯಾರು. ಸ್ಪಿರಿಟ್ ಮೆಡಿಕಲ್ ಅಂಗಡಿಯಿಂದ ನಾನೇ ತರುತ್ತಿದ್ದೆ. ಮನೆಯೆಲ್ಲ ಅದೇ ವಾಸನೆ, ರೊಟ್ಟಿಗೂ ಅದೇ ವಾಸನೆ.

ಒಂದು ಭಾನುವಾರ ನನ್ನನ್ನು ಕೂರಿಸಿಕೊಂಡು ವಿವರಿಸಿದರು. ಅಷ್ಟು ದೊಡ್ಡ ಮಾತು ಆ ವರ್ಷ ಅವರು ಆಡಿದ್ದು ಅದೊಂದೇ ಸಲ.

"ಡೀಸೆಲ್ ಇಂಜಿನ್ನಾಗ ಬೆಂಕಿ ಒದೀತದ. ಇದರಾಗ ಹಂಗಲ್ಲ. ಪಿಸ್ಟನ್ ಹಿಂದ ಸರದಾಗ ಉರಿ ಒಳಗ ಹೋಗ್ತದ. ತೂತು ಮುಚ್ಚಕೋತದ. ಒಳಗಿನ ಬಿಸಿ ಗಾಳಿ ಆರಿ ಕುಗ್ತದ. ಆಗ ಹೊರಗಿನ ಗಾಳಿ ಪಿಸ್ಟನ್ನಿಗಿ ದಬ್ತದ."

"ಹೊರಗಿನ ಗಾಳಿಗಿ ಅಷ್ಟು ಶಕ್ತಿ ಎಲ್ಲಿಂದ ಬರ್ತದ್ರಿ?"

"ಟೀಚರ್ ನೀನು. ನನಗ ಕೇಳ್ತೀ ಏನ್ ಬೇ?"

ಹೌದಲ್ಲ! ನೀರು ತುಂಬಿದ ಲೋಟಕ್ಕೆ ಕಾಗದ ಮುಚ್ಚಿ ಬೋರಲು ಹಿಡಿದು, ನೀರು ಬೀಳದಂತೆ ಗಾಳಿ ತಡೆಯುತ್ತದೆ ಎಂದು ಪ್ರತಿ ವರ್ಷ ಮಕ್ಕಳಿಗೆ ತೋರಿಸುವವಳು ನಾನೇ.

"ಆದ್ರ ಶಕ್ತಿ ಭಾಳ ಕಡಿಮಿ. ಪಿಸ್ಟನ್ ಒಂದ್ ಕೂದಲ ಬಿಗಿ ಆದ್ರೂ ನಿಲ್ತದ, ಒಂದ್ ಕೂದಲ ಸಡಿಲ ಆದ್ರೂ ನಿಲ್ತದ. ಕೈ ಖರೇ ಅದನೋ ಇಲ್ಲೋ, ಇದು ಹೇಳ್ತದ" ಎಂದರು.

ಬಿಗಿ ಸಡಿಲ ನೋಡಲು ಅವರದೊಂದು ಉಪಾಯವಿತ್ತು. ಸಿಲಿಂಡರನ್ನು ನೆಟ್ಟಗೆ ಹಿಡಿದು ಪಿಸ್ಟನ್ ಬಿಡುವುದು. ಕೆಳಗಿನ ಬಾಯಿ ಮುಚ್ಚಿದರೆ ಅದು ನಡುವೆ ನಿಲ್ಲಬೇಕು, ಮುಚ್ಚಿದ್ದು ತೆಗೆದರೆ ತಾನಾಗಿ ಇಳಿಯಬೇಕು. ಕಣ್ಣಿಂದ ನೋಡಿಯೇ ಹೇಳಬಹುದು. ಸಂಜೆ ಅದು ಬರೋಬರಿ ಇಳಿಯುತ್ತಿತ್ತು. ಅಷ್ಟರಲ್ಲಿ ಅವರ ಕೈ ದಣಿದಿರುತ್ತಿತ್ತು. ಎಲ್ಲ ಜೋಡಿಸಿ ಮೇಜಿನ ಮೇಲೆ ಇಟ್ಟು, ಮರುದಿನ ಮಧ್ಯಾಹ್ನ ಜೋಹರಿನ ನಮಾಜು ಮುಗಿಸಿ ದೀಪ ಹಚ್ಚುತ್ತಿದ್ದರು.

ಮೊದಲ ಸಲ ಹಚ್ಚಿದ್ದು ಒಂದು ರಜೆಯ ದಿನ. ನಾನೂ ಇದ್ದೆ. ಚಕ್ರ ತಿರುಗಿಸಿದರು. ಉರಿ ಬಾಗಿತು. ಒಂದು, ಎರಡು, ಮೂರು ಸುತ್ತು, ನಿಂತಿತು. ಮತ್ತೆ ತಿರುಗಿಸಿದರೆ ಮತ್ತೆ ಅಷ್ಟೇ. ಹತ್ತು ಸಲ, ಇಪ್ಪತ್ತು ಸಲ. ಆಮೇಲೆ ಮೂರು ದಿನ ಅದನ್ನು ಮುಟ್ಟಲಿಲ್ಲ, ಫೋನಿನಲ್ಲಿ ಆ ಮುದುಕನನ್ನೇ ನೋಡುತ್ತ ಕೂತರು. ನಾಲ್ಕನೆಯ ದಿನ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದು ಹೊಸ ಪಿಸ್ಟನ್ ಕಡೆಯತೊಡಗಿದರು. ಆಮೇಲೆ ಇನ್ನೊಂದು. ನಾನು ಶಾಲೆಯಿಂದ ಬಂದು ಮುಖ ನೋಡಿದರೆ ಸಾಕು, ಆ ದಿನದ ಕತೆ ತಿಳಿಯುತ್ತಿತ್ತು.

"ಸಂಜಿ ಮುಂದ ಸರಿ ಇರ್ತದ. ಮರುದಿನ ಅದಕ್ಕ ಏನ್ ಆಗ್ತದೋ!" ಎನ್ನುತ್ತಿದ್ದರು. "ಹಸಿ ಗಾಳಿಗಿ ಹಿಂಗ ಆಗ್ತಿರಬೇಕು. ಒಣಾ ಗಾಳಿ ಬರ್ಲಿ."

ಒಂದು ಸಂಜೆ ಲೇತಿನ ಮೇಲೆ ರಕ್ತ ಕಂಡಿತು. ಅವರ ಬಲಗೈಯ ತೋರುಬೆರಳು ಕಬ್ಬಿಣದ ಸುರುಳಿಗೆ ಸಿಕ್ಕು ಸೀಳಿತ್ತು. ಅವರು ಕೆಲಸ ಮಾಡುತ್ತಲೇ ಇದ್ದರು. "ಅಯ್ಯೋ, ನೋವ ಆಗೂದಿಲ್ಲೇನ್ರಿ?" ಎಂದು ಕೈ ಎಳೆದೆ. ಒಂದು ಗಳಿಗೆ ಬೆರಳನ್ನು ನೋಡಿದರು. "ಆಗ್ತದ. ಮಷೀನ್ ನಡುವ ನಿಂದ್ರಿಸಬಾರದಂತ ಸುಮ್ನ ಇದ್ದೆ" ಎಂದರು. ನಂಬಿದೆ. ಬಟ್ಟೆ ಕಟ್ಟಿ ಅಡುಗೆಮನೆಗೆ ಹೋದೆ. ಬೇರೆ ವರ್ಷವಾಗಿದ್ದರೆ ನಂಬುತ್ತಿರಲಿಲ್ಲ. ಆ ವರ್ಷ ನಾನು ಯಾವುದನ್ನೂ ಎರಡನೆಯ ಸಲ ನೋಡುತ್ತಿರಲಿಲ್ಲ.

ಮಳೆ ತೆಳ್ಳಗಾಯಿತು. ತೊಗರಿ ಹೊಲಗಳು ಹಸಿರಾಗಿ ಎದೆಮಟ್ಟ ನಿಂತವು. "ಗೇಟ್ ಹಾಕ್ಯಾರೇನು?" ಎಂದು ದಿನಾ ಸಂಜೆ ಕೇಳುತ್ತಿದ್ದರು. "ಇಲ್ರಿ" ಎನ್ನುತ್ತಿದ್ದೆ. ಒಂದು ದಿನ ಪಾಠದ ನಡುವೆ ಏನೋ ಕಡಿಮೆಯಾದಂತೆ ಅನಿಸಿತು. ನೀರಿನ ಸದ್ದು ನಿಂತಿತ್ತು. ಊಟದ ಹೊತ್ತಿನಲ್ಲಿ ಹೋಗಿ ನೋಡಿದೆ. ಗೇಟು ಇಳಿಸಿದ್ದರು, ನೀರು ಹಿಂದಕ್ಕೆ ತುಂಬಿಕೊಳ್ಳುತ್ತ ನಿಂತಿತ್ತು. ಆ ಸಂಜೆಯೂ, "ಇಲ್ರಿ, ಇನ್ನಾ ಹಾಕಿಲ್ಲ" ಎಂದೆ. ಆರು ದಿನ ಹಾಗೆಯೇ ಹೇಳಿದೆ. ಸುಳ್ಳು ಹೇಳಿದ್ದಕ್ಕೂ ಏನೂ ಅನಿಸಲಿಲ್ಲ.

ಏಳನೆಯ ದಿನ ಆ ಕಡೆಯ ರೈತರೊಬ್ಬರು ಪಂಪ್‌ಸೆಟ್ಟಿನ ವಿಚಾರ ಕೇಳಲು ಬಂದು, "ಗೇಟ್ ಹಾಕಿ ವಾರ ಆತಲ್ರಿ ಮಿಸ್ತ್ರಿ, ಮೋಟಾರ್ ಇಳಿಸಬೇಕು" ಎಂದರಂತೆ. ನಾನು ಮನೆಗೆ ಬಂದಾಗ ಇವರು ಸುಳ್ಳಿನ ಮಾತೇ ಎತ್ತಲಿಲ್ಲ. "ಶರಣಪ್ಪಗ ಫೋನ್ ಮಾಡೀನಿ. ಐತವಾರ ಬರ್ತಾನ" ಎಂದರು, ಅಷ್ಟೇ.

ಶನಿವಾರದವರೆಗೂ ದೀಪ ಹಚ್ಚಿದರು. ಮೂರು ಸುತ್ತು, ನಾಲ್ಕು ಸುತ್ತು. ಭಾನುವಾರ ಶರಣಪ್ಪ ನಾಲ್ಕು ಜನರೊಂದಿಗೆ ಟೆಂಪೋ ತಂದರು. ಒಳಗೆ ಬಂದವರೇ, "ಭಾಬಿ, ನೀವು ಬ್ಯಾಡ ಅಂದ್ರ ನಾ ಹಿಂಗೇ ಹೊಳ್ಳಿ ಹೋಗ್ತೇನಿ" ಎಂದರು. ಅವರ ಕಣ್ಣು ತುಂಬಿತ್ತು. ನಾನು ಗಂಡನ ಮುಖ ನೋಡಿದೆ. ಅವರು ಆಗಲೇ ಸ್ಪ್ಯಾನರ್ ಹಿಡಿದು ಲೇತಿನ ಬುಡದ ಬೋಲ್ಟು ಬಿಚ್ಚುತ್ತಿದ್ದರು. ಮೂರನ್ನು ತಾವೇ ಬಿಚ್ಚಿದರು. ನಾಲ್ಕನೆಯದಕ್ಕೆ ಸ್ಪ್ಯಾನರ್ ಕೈಯಿಂದ ಜಾರಿ ಜಾರಿ ಬಿತ್ತು, ಅದನ್ನು ಶರಣಪ್ಪ ಬಿಚ್ಚಿದರು. ಟೆಂಪೋ ಓಣಿ ದಾಟಿತು. ನಾನು ಎಲ್ಲರ ಚಹಾದ ಕಪ್ಪು ತೊಳೆದಿಟ್ಟೆ.

ಸೋಮವಾರ ಬೆಳಿಗ್ಗೆ ರೂಢಿಯಂತೆ ಎಣ್ಣೆ ಡಬ್ಬಿ ಹಿಡಿದು ಅಂಗಡಿಗೆ ಹೋದೆ. ಲೇತಿದ್ದ ಜಾಗದಲ್ಲಿ ನಾಲ್ಕು ತೂತು, ಒಂದು ಕರಿ ಕಲೆ. ಕೈಯಲ್ಲಿ ಡಬ್ಬಿ ಹಿಡಿದು ಬೆಪ್ಪಾಗಿ ನಿಂತೆ. ಮೇಜಿನ ಮೇಲೆ ಆ ಸಣ್ಣ ಇಂಜಿನ್ ಇತ್ತು. ಬಿಸ್ಮಿಲ್ಲಾ ಎಂದು ಅದರ ತೂತಿನೊಳಗೆ ಎರಡು ಹನಿ ಬಿಟ್ಟು, ಎಣ್ಣೆ ಎಲ್ಲ ಕಡೆ ಹೋಗಲೆಂದು ಚಕ್ರ ತಿರುಗಿಸಿ, ಹೊರಗೆ ಚೆಲ್ಲಿದ್ದನ್ನು ಸೆರಗಿನಿಂದ ಒರೆಸಿದೆ.

"ಏನ್ ಮಾಡಾಕತ್ತಿ?"

ಬಾಗಿಲಲ್ಲಿ ಅವರು ನಿಂತಿದ್ದರು. ಲಕ್ವಾ ಹೊಡೆದ ಮೇಲೆ ಆ ಹೊತ್ತಿಗೆ ಅವರು ಎದ್ದು ಬಂದದ್ದು ಅದೇ ಮೊದಲು.

"ಎಣ್ಣಿ ಹಾಕಾಕತ್ತೇನ್ರಿ. ಲೇತ್ ಅಂತೂ ಹೋತು, ಇದಕ್ಕರ ಹಾಕೂಣಂತ."

"ಇವತ್ತಷ್ಟ ಹಾಕ್ದೇನು?"

"ದಿನಾ ಹಾಕ್ತೇನಲ್ರಿ. ಇದನ್ನ ಜೋಡಿಸಿ ಇಟ್ಟ ಮೊದಲ ದಿನದಿಂದ."

ಅವರು ಕುರ್ಚಿ ಎಳೆದು ಕೂತರು. ಬೈಯಲಿಲ್ಲ. ನಿಧಾನವಾಗಿ, ತಮಗೇ ಹೇಳಿಕೊಂಡಂತೆ ಹೇಳಿದರು.

"ಇದಕ್ಕ ಎಣ್ಣಿ ಹಾಕಬಾರದು. ಇದು ಒಣಾ ಓಡಬೇಕು. ಎಣ್ಣಿ ಪಿಸ್ಟನ್ನಿಗಿ ಹಿಡಕೋತದ, ಇದರ ಶಕ್ತಿಗಿ ಅಷ್ಟೂ ಭಾರ ಆಗ್ತದ. ಮೊದಲ ಸಲ ನಾನೂ ಹಾಕಿದ್ದೆ. ಆಮ್ಯಾಲ ಆ ಮುದುಕ ಪಿಸ್ಟನ್ ಒರಸೂದು ನೋಡಿ ತಿಳೀತು. ದಿನಾ ಸಂಜಿಗಿ ಪೆಟ್ರೋಲಿನಾಗ ತೊಳದು ಒಣಾ ಮಾಡಿ ಇಡ್ತಿದ್ದೆ."

ಅವರು ಸಂಜೆ ತೊಳೆದು ಒಣಗಿಸುವುದು, ನಾನು ಬೆಳಿಗ್ಗೆ ಎಣ್ಣೆ ಬಿಡುವುದು, ಅವರು ಮಧ್ಯಾಹ್ನ ಸೋಲುವುದು. ಇಡೀ ಮಳೆಗಾಲ. ನನ್ನ ಕೈ ಸುಟ್ಟುಹೋಗಲಿ ಅನಿಸಿತು.

ಅವರು ಇಂಜಿನ್ ಬಿಚ್ಚಿದರು. ಪೆಟ್ರೋಲಿನಲ್ಲಿ ಅದ್ದಿ, ಹಳೆಯ ಮಲ್ಲಿನ ಬಟ್ಟೆಯಿಂದ ಒರೆಸಿದರು. ಪಿಸ್ಟನ್ನನ್ನು ನನ್ನತ್ತ ಚಾಚಿದರು.

"ಮುಟ್ಟಿ ಹೇಳು. ಒಣಗ್ಯಾದೇನು?"

ಮುಟ್ಟಿದೆ. "ಒಣಗ್ಯಾದ್ರಿ." ಸಿಲಿಂಡರಿನೊಳಗೆ ಕಿರುಬೆರಳು ಹಾಕಿ ನೋಡಿದೆ. "ಇದರಾಗ ಇನ್ನಾ ಜಿಡ್ಡದ." ಮತ್ತೆ ತೊಳೆದರು, ಮತ್ತೆ ನನ್ನ ಬೆರಳು. ಜೋಡಿಸಿ, ದೀಪ ಹಚ್ಚಿ, ಚಕ್ರಕ್ಕೆ ಎಡಗೈಯಿಂದ ಸಣ್ಣ ತಳ್ಳು ಕೊಟ್ಟರು. ಉರಿ ಬಾಗಿ ಒಳಗೆ ಹೋಯಿತು. ಮೂರು ಸುತ್ತು. ನಾಲ್ಕು. ಹತ್ತು. ಆಮೇಲೆ ಎಣಿಸಲಾಗಲಿಲ್ಲ. ಟಕ್ ಟಕ್ ಟಕ್ ಎಂದು ಮೇಜಿನ ಮೇಲೆ ಓಡತೊಡಗಿತು.

"ಓಡ್ತು! ಈಗಿಂದೀಗ ಶರಣಪ್ಪಗ ಫೋನ್ ಮಾಡ್ರಿ. ಲೇತ್ ಹೊಳ್ಳಿ ತರಸ್ರಿ. ಅವರು ಇಲ್ಲ ಅನ್ನೂದಿಲ್ಲ" ಎಂದೆ.

"ಬ್ಯಾಡ. ಇಡೀ ಮಳಿಗಾಲ ಎಣ್ಣಿ ಹಚ್ಚಿದ ಪಿಸ್ಟನ್ ದಿನಾ ಈ ಬಲಗೈ ಬೆರಳಿಲೆ ಮುಟ್ಟೀನಿ. ಎಣ್ಣಿ ಅದ ಅನ್ನೂದು ಗೊತ್ತಾಗ್ಲಿಲ್ಲ. ಅಂಥಾ ಕೈಗಿ ಲೇತ್ ಯಾಕ?"

"ಕೈ ತಿಳಿಯಾಕತ್ತದ ಅಂದಿದ್ರಲ್ಲ! ಚಹಾ ಸುಡ್ತದ ಅಂದಿದ್ರಿ!"

"ಹಬಿ ಮುಖಕ್ಕ ಬಡೀತು. ಅಂದಾಜಿಲೆ ಹೇಳ್ದೆ."

ಸಿಟ್ಟು ಬಂತು. ಎಷ್ಟೋ ತಿಂಗಳ ಮೇಲೆ, ಮೈಯೆಲ್ಲ ಉರಿಯುವಂಥ ಸಿಟ್ಟು. "ಒಂದ್ ಮಾತು ನನಗ ಕೇಳಬಾರದಾಗಿತ್ತೇನ್ರಿ? ಇಷ್ಟ ದಿನಾ ನಾನೇ ಮುಟ್ಟಿ ಹೇಳ್ತಿದ್ದೆ! ನನ್ನ ಬೆರಳ ಏನ್ ಸತ್ತಿದ್ವೇನು?" ಎಂದು ಕಿರುಚಿದೆ.

ಅವರು ಓಡುತ್ತಿದ್ದ ಇಂಜಿನ್ನನ್ನೇ ನೋಡುತ್ತಿದ್ದರು.

"ಕೇಳಿದ್ರ, ನನಗ ತಿಳಿಯೂದಿಲ್ಲ ಅಂತ ನಿನಗ ತಿಳೀತಿತ್ತಲ್ಲ, ಜುಲೇಖಾ."

ನಾನು ಪಕ್ಕದಲ್ಲಿ ಕೂತು ಅವರ ಬಲಗೈ ಹಿಡಿದೆ. ಹಿಡಿದದ್ದು ಅವರಿಗೆ ಗೊತ್ತಾಗಲೆಂದು, ಕಣ್ಣಿಗೆ ಕಾಣುವ ಹಾಗೆ ಮೇಜಿನ ಮೇಲೆ ಇಟ್ಟು ಹಿಡಿದುಕೊಂಡೆ.